ಕುಂಡೆಕುಸ್ಕ

ಹಲ್ ಎಂಬ ಊರಿನ ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ
ಟ್ರಾಲಿ ಕೂಡಿಸುವುದು ನನ್ನ ಕೆಲಸ.
ಹನ್ನೆರಡನ್ನು ಒಂದರೊಳಗೊಂದು ತುರುಕಿ
ಗಾಳಿಗೆದುರು ನೂಕುವಾಗ
ಮುಂದೆ ಮುಂದೆ ಓಡುತ್ತದೆ ಅದು,
ಮೆರವಣಿಗೆಗೆ ದಾರಿ ಬಿಡಿಸುವ ಹುಡುಗನ ಹಾಗೆ.

ಏನಲ್ಲ ಎಂಬುದು ಮೊದಲು ತಿಳಿಯಿತು.
ಗುಬ್ಬಿಯಲ್ಲ. ಗುಬ್ಬಿ ಕುಪ್ಪಳಿಸುತ್ತದೆ, ಇದು ನಡೆಯುತ್ತದೆ;
ನಡೆಯುವುದೇನು, ಕಾಲಿಗೆ ಚಕ್ರ ಕಟ್ಟಿಕೊಂಡಿದೆ.
ಮ್ಯಾಗ್‌ಪೈ ಅಲ್ಲ. ಬಣ್ಣ ಅದೇ ಕಪ್ಪು ಬಿಳುಪು, ಆದರೆ
ಅದರ ಒಂದು ರೆಕ್ಕೆಯಡಿ ಇಂಥವು ಮೂರು ಅಡಗಿಯಾವು.
ಬಿಳಿ ಮುಖ, ಕರಿ ಟೊಪ್ಪಿಗೆ, ಎದೆಗೊಂದು ಕರಿ ಕರವಸ್ತ್ರ,
ಮತ್ತೆ ಆ ಬಾಲ!
ಮೇಲೆ ಕೆಳಗೆ, ಮೇಲೆ ಕೆಳಗೆ,
ಯಾರೋ ಹೇಳಿದ್ದಕ್ಕೆಲ್ಲ ಹೂಂ ಹೂಂ ಅನ್ನುವ ಹಾಗೆ.
ಹಾರಿದರೆ ಅಲೆ ಅಲೆ. ಏರುವಾಗೊಮ್ಮೆ 'ಚಿಸಿಕ್',
ಸೀನು ನುಂಗಿಕೊಂಡವರ ಸದ್ದು.

ನಾವು ಒಳಗೆ ಮಾರುವುದು ಅದಕ್ಕೆ ಬೇಡ.
ಮೋಟಾರ್‌ವೇಯಿಂದ ಬಂದ ಕಾರುಗಳ ಮೂತಿಗೆ
ಅಂಟಿ ಸತ್ತ ಹುಳು, ನಂಬರ್ ಪ್ಲೇಟಿನ ಮೇಲೆ ಬಡಿಸಿದ್ದು,
ಎಂಜಿನ್ ಆರುವ ಮೊದಲೇ, ಬಿಸಿಬಿಸಿ.

"ಪಾತ್ರೆ ತೊಳೆಯೋ ಪಾಲಿ" ಎಂದಳು ಗ್ಲೆನಿಸ್,
ಮೀನಿನ ಕೌಂಟರಿನವಳು, ಸಿಗರೇಟಿಗೆಂದು ಹೊರಬಂದು.
"ನಮ್ಮಜ್ಜಿ ಹಾಗೇ ಕರೀತಿದ್ದಳು. ನಿಮ್ಮಲ್ಲಿ?"
ಪುಸ್ತಕದಲ್ಲಿ ಸಿಪಿಲೆ. ಬಾಯಿಗೆ ಬಂದದ್ದು ಮಾತ್ರ
ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚಿಕ್ಕಮ್ಮ ಅನ್ನುತ್ತಿದ್ದದ್ದು.
ಕುಂಡೆಕುಸ್ಕ.
ಹಾಗಂದರೆ? ಟ್ರಾಲಿ ಹಿಡಿದು
ಬಾಗಿ, ಸ್ವಲ್ಪ ಅಭಿನಯಿಸಬೇಕಾಯಿತು.
ಗ್ಲೆನಿಸ್ ನಕ್ಕು ನಕ್ಕು ಕೆಮ್ಮಿದಳು,
ಮ್ಯಾನೇಜರ್ ಗಾಜಿನಾಚೆಯಿಂದ ಗಡಿಯಾರ ನೋಡಿದ.

ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು.
ಹಗಲೆಲ್ಲ ಒಂಟಿ, ಇನ್ನೊಂದು ಬಂದರೆ ಅಟ್ಟಾಡಿಸುವ ಈ ಜಗಳಗಂಟ
ಸಂಜೆಗೆ ಬಸ್ ಸ್ಟಾಂಡಿನೆದುರಿನ ಬೋಳು ಮರದಲ್ಲಿ
ನೂರಾರರಲ್ಲಿ ಒಂದು.
ಸರದೀಪಗಳ ಶಾಖಕ್ಕೋ, ಪೇಟೆಯ ಬೆಚ್ಚಗಿಗೋ,
ಕೊಂಬೆ ತುಂಬ ಉಣ್ಣೆಯುಂಡೆ.
ಗ್ಲೆನಿಸ್ ಎಣಿಸಿದಳು, ಇನ್ನೂರ ಹದಿನಾರು, ಹದಿನೇಳು,
ಅಷ್ಟರಲ್ಲಿ ಅವಳ ಬಸ್ಸು ಬಂತು.

ಮಾರ್ಚಿನಲ್ಲಿ ಅದಕ್ಕೆ ತಲೆ ಕೆಟ್ಟಿತು.
ನೀಲಿ ಕಾರಿನ ಪಕ್ಕದ ಕನ್ನಡಿಯಲ್ಲಿ
ತನ್ನದೇ ಟೊಪ್ಪಿಗೆ, ತನ್ನದೇ ಬಾಲ ಹೊತ್ತು
ಗಡಿ ಒತ್ತಿದವನ ಕಂಡು
ಕುಕ್ಕಿತು, ಕುಕ್ಕಿತು. ಬಾಗಿಲ ತುಂಬ ಹಿಕ್ಕೆ.
ಯಾರ ಕಾರೋ. ನಾನು ಕನ್ನಡಿ ಮಡಚಿದೆ.
ಗೆದ್ದವನ ಹಾಗೆ ಒಂದು ಗಳಿಗೆ ಬಾಲ ಕುಲುಕಿ
ಪಕ್ಕದ ಕಾರಿಗೆ ಹಾರಿತು.

ಸಾಲಿಗೆ ನಲವತ್ತು ಕಾರು, ಕಾರಿಗೆರಡು ಕನ್ನಡಿ.
ಆ ತುದಿಯಿಂದ, ಮೀನು ವಾಸನೆಯ ಕೈಗವಸಿನಲ್ಲಿ,
ಗ್ಲೆನಿಸ್ ಒಂದೊಂದೇ ಮಡಚುತ್ತ ಬರುತ್ತಿದ್ದಳು.