ಮೇಲಿನ ಸಾಲು

ಹೌದು, ಅವಳಪ್ಪನ ಪ್ಯಾಂಟೇ ಅದು.
ಅವರು ಹೋದ ಮೇಲೆ ತೊಳೆದು, ಮಡಿಸಿ
ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ. ಎದೆಪಟ್ಟಿಯ ಜೇಬಲ್ಲಿ
ಒಂದು ಮೊಳೆ ಹಾಗೇ ಉಳಿದಿತ್ತು.

ಈ ಬೊಲಿವಿಯಾದ ಬಯಲಲ್ಲಿ ಮಳೆ ಬಂದರೆ
ನೆಲವೆಲ್ಲ ಕಲಸಿದ ಹಿಟ್ಟು. ನಡುರಾತ್ರಿ
ಗಬ್ಬದ ಹಸು ಕಾಲುವೆಗೆ ಜಾರಿ ಕೂಗಿತು.
ಅಗನೇಥಾ ಮೊದಲು ಲಂಗದಲ್ಲೇ ಇಳಿದಳು.
ಹನ್ನೆರಡು ನೆರಿಗೆ, ಎಲ್ಲ ನಾನೇ ಹಿಡಿದದ್ದು,
ಒಂದೊಂದೂ ಸೇರು ಸೇರು ಕೆಸರು ಕುಡಿದು
ಅವಳನ್ನೇ ಕೆಳಗೆಳೆದವು.
ಪೆಟ್ಟಿಗೆ ತೆರೆದವಳು ನಾನು. ಬರೆದುಕೊಳ್ಳಿ.

ಬೆಳಗ್ಗೆ ಹಾಲಿನ ಗಾಡಿಯವನು ಕಂಡ,
ಮಧ್ಯಾಹ್ನಕ್ಕೆ ನೀವು ಬಂದಿರಿ, ಹಿರಿಯರೇ,
ಕಂಕುಳಲ್ಲಿ ಸತ್ಯವೇದ.
ಮೇಜಿನಾಚೆ ಕೂತು, ಪುಟವನ್ನು ನನ್ನತ್ತ ತಿರುಗಿಸಿ,
ಗಂಡಸಿನ ಉಡುಪು ಹೆಣ್ಣಿಗೆ ಸಲ್ಲದು ಎಂದು
ಬೆರಳಿಟ್ಟು ತೋರಿಸಿದಿರಿ:
ಧರ್ಮೋಪದೇಶಕಾಂಡ, ಇಪ್ಪತ್ತೆರಡು, ಐದು.

ಅಲ್ಲಗಳೆಯುವುದಿಲ್ಲ ನಾನು.
ಈ ತಲೆವಸ್ತ್ರ ನನಗೆಂದೂ ಭಾರವಾಗಿಲ್ಲ;
ಇದಿಲ್ಲದೆ ನನಗೆ ಪ್ರಾರ್ಥನೆಯೇ ಬಾಯಿಗೆ ಬಾರದು.
ಆದರೆ ನಿಮ್ಮ ಬೆರಳು ದಪ್ಪ, ಥೀಸನ್.
ಅದರಡಿ ನಾಲ್ಕನೆಯದು ಮುಚ್ಚಿಹೋಗಿದೆ.
ಕೊಂಚ ಸರಿಸಿ ಓದುತ್ತೀರಾ?
ದಾರಿಯಲ್ಲಿ ಬಿದ್ದ ಎತ್ತನ್ನು
ಕಂಡೂ ಕಾಣದಂತೆ ಹೋಗಬೇಡ,
ಎತ್ತು.

ಕಾಫಿ ಆರುತ್ತಿದೆ, ಕುಡಿಯಿರಿ.
ಹೊರಗೆ ಹಗ್ಗದ ಮೇಲೆ ಲಂಗ, ಪಕ್ಕದಲ್ಲೇ ಪ್ಯಾಂಟು,
ಎರಡರಿಂದಲೂ ತೊಟ್ಟಿಕ್ಕುವುದು ಒಂದೇ ಕೆಂಪು ನೀರು.
ಕರು ಹೆಣ್ಣು. ಈಗಷ್ಟೇ ನಾಲ್ಕು ಕಾಲೂರಿದೆ.

ಆಣೆ ಇಡುವ ಜನವಲ್ಲ ನಾವು; ಮಾತು ಕೊಡುತ್ತೇನೆ.
ಒಣಗಿದ ಮೇಲೆ ಅದು ಪೆಟ್ಟಿಗೆಗೇ ಹೋಗುತ್ತದೆ,
ಮೊಳೆಯ ಸಮೇತ.
ತಳಕ್ಕಲ್ಲ.