ನಾಲ್ಕು ಸೆಕೆಂಡು

ಚರ್ಚ್ ಸ್ಟ್ರೀಟಿನ ನೆಲಮಾಳಿಗೆ.
ಮಣಿಕಟ್ಟಿಗೆ ಮುದ್ರೆ ಒತ್ತಿದ ಹುಡುಗ
‘ಆಂಟಿ, ಯಾರನ್ನಾದ್ರೂ ಹುಡುಕ್ತಿದೀರಾ?’ ಅಂದ.
ಹೌದಪ್ಪ, ಎಂಬತ್ತೇಳರಿಂದ.

ಗಿಟಾರಿಗಿಂತ ಮೊದಲು ಸ್ಟೂಲು ಬಂತು,
ಬಿಸಿನೀರಿನ ಫ್ಲಾಸ್ಕು ಬಂತು,
ಆಮೇಲೆ ಡೆರಿಕ್ ಲೋಬೊ.
ಶ್ರುತಿ ಎರಡು ಮನೆ ಇಳಿದಿದೆ.
ಒಂದೇ ನೆಗೆತಕ್ಕೆ ಏರುತ್ತಿದ್ದ ಮೆಟ್ಟಿಲನ್ನು
ದನಿ ಈಗ ಕಂಬಿ ಹಿಡಿದು ಹತ್ತುತ್ತದೆ.
ಹತ್ತುತ್ತದೆ, ಆದರೂ.

ನನ್ನ ಟೇಪ್‌ರೆಕಾರ್ಡರು ಒಮ್ಮೆ ಅವನ ಕ್ಯಾಸೆಟ್ಟು ಅಗಿದಿತ್ತು.
ವಾಚ್ ಫ್ಯಾಕ್ಟರಿಯ ಚಿಮುಟದಲ್ಲಿ ಬಿಡಿಸಿ
ನಜ್ಜಾದಷ್ಟು ಕತ್ತರಿಸಿ ಅಂಟಿಸಿದ್ದೆ.
ಅಂದಿನಿಂದ ಮೂರನೇ ಹಾಡು
ಎರಡನೇ ಚರಣದಲ್ಲಿ ಒಂದು ಹಳ್ಳ ಹಾರುತ್ತದೆ.
ಜೊತೆಗೆ ನಾನೂ,
ಶಿಫ್ಟಿನ ಬಸ್ಸಿನಲ್ಲಿ, ದೋಸೆ ಮಗುಚುವಾಗ,
ಅಮ್ಮನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂಡ.

ಆ ನಾಲ್ಕು ಸೆಕೆಂಡು ಕೇಳಲೆಂದೇ
ಜಾಲಹಳ್ಳಿಯಿಂದ ಎರಡು ಮೆಟ್ರೋ ಹಿಡಿದು ಬಂದೆ.

ಮೂರನೇ ಹಾಡು. ಎರಡನೇ ಚರಣ. ಬಂತು, ಬಂತು,
ಅವನು ಬಾಯಿ ಮುಚ್ಚಿ
ಮೈಕನ್ನು ನಮ್ಮ ಕಡೆ ತಿರುಗಿಸಿದ.
ಇಡೀ ನೆಲಮಾಳಿಗೆ ಹಾಡಿತು,
ಮುದ್ರೆ ಒತ್ತಿದ ಆ ಹುಡುಗನೂ.
ಗದ್ದಲದಲ್ಲಿ ಒಂದಕ್ಷರ ತಿಳಿಯಲಿಲ್ಲ.
ಸುಮ್ಮನಿದ್ದವರು ಇಬ್ಬರೇ, ಅವನು ಮತ್ತು ನಾನು.

ರೂಢಿಯಂತೆ ಹಾರಿದೆ.
ಆಚೆ ದಡದಲ್ಲಿ ಅವನು,
ಉಸಿರೆಳೆದುಕೊಂಡು,
ಮುಂದಿನ ಸಾಲಿಗೆ ಸರಿಯಾಗಿ ಸಿಕ್ಕ.