ಕೆಳನಾಲೆಯವರ ಚೆಂಡು

ನಮ್ಮ ಹೈಸ್ಕೂಲು ಮೈದಾನ ಪಡುವಲಿಗೆ ಇಳಿಜಾರು.
ಜೋರಾಗಿ ಒದ್ದರೆ ಗೋಲು,
ಇನ್ನೂ ಜೋರಾಗಿ ಒದ್ದರೆ ವಿ.ಸಿ. ನಾಲೆ.

ನಾಲೆಗೆ ಬಿದ್ದದ್ದು ಕೆಳನಾಲೆಯವರದು.
ತೂಬಿನ ಹತ್ತಿರ ಅವರ ಹುಡುಗರು
ಮೀನಿಗೆ ಕಾದಂತೆ ಕೂತಿರುತ್ತಿದ್ದರು.
ವಾಪಸು ಕೇಳಲು ಹೋದ ಜವರನಿಗೆ ಸಿಕ್ಕಿದ್ದು
ಒಂದು ಜಲ್ಲೆ ಕಬ್ಬು, ಎರಡು ಬೈಗುಳ.

ಪಿ.ಟಿ. ಮೇಷ್ಟ್ರು ಮರಿಲಿಂಗಯ್ಯ
ಪ್ರತಿ ಚೆಂಡಿನ ಮೇಲೂ ಶಾಲೆಯ ಹೆಸರು, ಇಸವಿ
ಶಾಯಿಯಲ್ಲಿ ತಿದ್ದಿ ತಿದ್ದಿ ಬರೆಯುತ್ತಿದ್ದರು,
ಮದುವೆ ಪಾತ್ರೆಗೆ ಹೆಸರು ಕೊರೆಸುವ ಹಾಗೆ.

ತಾಲ್ಲೂಕು ಫೈನಲ್ಲಿಗೆ ಅವರು ಬಂದರು
ಕಬ್ಬಿನ ಟ್ರ್ಯಾಕ್ಟರಿನಲ್ಲಿ, ತಮಟೆ ಸಮೇತ.
"ಈಸಕ್ಕೆ ಬರ್ತದೇನ್ರುಲಾ?" ಅಂತ ಕೂಗು.
ನಮ್ಮ ಹೊಸ ಚೆಂಡು
ಹತ್ತೇ ನಿಮಿಷಕ್ಕೆ ಟುಸ್ಸೆಂದಿತು.
ಬೇರೆ ಇರಲಿಲ್ಲ.

ತಮಟೆ ನಿಂತಿತು.
ಅವರ ಗೋಲ್‌ಕೀಪರ್, ಕುಳ್ಳ ಇದ್ರೀಸ,
ಕೆಣಕಲೆಂದೇ ತಂದಿದ್ದ ಗೋಣಿಚೀಲ ಸುರಿದ:
ಏಳು ಚೆಂಡು,
ಏಳರ ಮೇಲೂ ನಮ್ಮ ಮೇಷ್ಟ್ರ ಅಕ್ಷರ,
ಏಳಕ್ಕೂ ತೇಪೆ, ಏಳರಲ್ಲೂ ಗಾಳಿ.
"ಯಾವುದಾದ್ರೂ ತಕ್ಕಳಿ" ಅಂದ,
ನೆಲ ನೋಡುತ್ತಾ.

ಸೋತೆವು, ಮೂರು ಒಂದು.
ಆ ಒಂದು ನನ್ನದು, ಈಗ ಯಾರಿಗೂ ನೆನಪಿಲ್ಲ.
ಮೇಷ್ಟ್ರು ಮಾತ್ರ ಅವತ್ತು
ಕಾರ್ಖಾನೆಯ ರಾತ್ರಿ ಸೈರನ್ ಕೂಗುವ ತನಕ
ಎಂಬತ್ತಾರರ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು
ಕೆಳನಾಲೆಯ ಹೊಲಿಗೆಗಳನ್ನು
ಬೆರಳಲ್ಲಿ ಎಣಿಸುತ್ತಾ ಕೂತಿದ್ದರು.